ಕುಮ್ಮಟದ ನಾಶವೂ ಉಳಿದವರ ಸಾಕ್ಷ್ಯವೂ

ಕುಮಾರರಾಮನ ಚರಿತ್ರೆಯನ್ನು ಕುರಿತ ಕನ್ನಡ ಸಾಂಗತ್ಯಗಳು ವಿದ್ವಾಂಸರ ಗಮನಕ್ಕೆ ಬಂದು ಬಹುಕಾಲವಾಯಿತು. ನಂಜುಂಡಕವಿಯ ರಾಮನಾಥಚರಿತೆಯೂ ಪಾಂಚಾಳಗಂಗನೇ ಮೊದಲಾದವರು ರಚಿಸಿದ ಕೃತಿಗಳೂ ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೂಲಕ ಮೊದಲು ಪ್ರಸಿದ್ಧಿಗೆ ಬಂದುವು. ಅನಂತರ ಎಂ. ಎಚ್. ರಾಮಶರ್ಮ, ಹುಲ್ಲೂರು ಶ್ರೀನಿವಾಸ ಜೋಯಿಸ ಇವರೇ ಮೊದಲಾದವರು ಕುಮ್ಮಟದ ವಿಚಾರವನ್ನು ಶ್ರಮಪಟ್ಟು ಶೋಧಿಸಿದರು, ಎನ್. ವೆಂಕಟರಮಣಯ್ಯನವರು 1929ರಲ್ಲಿ ಕಂಪಿಲಿಗೂ ವಿಜಯನಗರಕ್ಕೂ ಇರುವ ಸಂಬಂಧವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಆದರೆ ಆ ಚರ್ಚೆಯೆಲ್ಲವೂ ಬಹುಮಟ್ಟಿಗೆ ಒಂದೇ ದಾರಿಯನ್ನು ಹಿಡಿದು ಸಾಗಿತು. ಕಾವ್ಯದಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು, ಯಾವ ಹೆಸರು ಯಾವ ಶಾಸನದಲ್ಲಿ ದೊರೆಯುತ್ತದೆ, ವಿಜಯನಗರದ ಮೂಲಪುರುಷರು ಕನ್ನಡಿಗರೋ ಆಂಧ್ರರೋ ಎಂಬಿವೇ ಅಲ್ಲಿನ ಪ್ರಶ್ನೆಗಳು. ಗಣಿಯಿಂದ ಅದಿರನ್ನು ತೆಗೆಯುವಂತೆ ಕಾವ್ಯದಿಂದ ತೇದಿಗಳನ್ನು ತೆಗೆದುದಾಯಿತೇ ಹೊರತು, ಆ ಕಾವ್ಯವು ಯಾವ ಬಗೆಯ ಅನುಭವದಿಂದ ಹುಟ್ಟಿತೆಂಬುದನ್ನು ವಿಮರ್ಶೆಯು ಅಷ್ಟಾಗಿ ಕೇಳಲಿಲ್ಲ.

ಕೇಳಬೇಕಾದುದು ಇಷ್ಟು: ದುರ್ಗವು ಬಿದ್ದ ದಿನ ಅದರೊಳಗಿದ್ದು, ಮರುದಿನವೂ ಜೀವದಿಂದಿದ್ದವರು ಯಾರು? ಅವರು ಯಾವ ಉಪಾಯದಿಂದ ಉಳಿದರು? ಉಳಿದ ಮೇಲೆ ಯಾರೊಡನೆ ಏನನ್ನು ಹೇಳಿದರು? ಕನ್ನಡ ಕಾವ್ಯವು ಅವರಿಗೆ ಕೊಟ್ಟ ಸ್ಥಾನವೆಂಥದು? ಈ ಪ್ರಶ್ನೆಗಳಿಗೆ ಉತ್ತರವನ್ನು ಕೊಡತಕ್ಕ ಸಾಮಗ್ರಿಯು ಹೊಸತಾಗಿ ದೊರೆಯಬೇಕಾದುದೇನೂ ಇಲ್ಲ. ಎಲ್ಲರೂ ಬಲ್ಲ ಗ್ರಂಥಗಳಲ್ಲಿಯೇ ಅದು ಹರಡಿಕೊಂಡಿದೆ.

ನಡೆದ ಸಂಗತಿಯನ್ನು ಸಂಕ್ಷೇಪವಾಗಿ ನೆನೆಯಬಹುದು. ಈಗಿನ ಯಾದಗಿರಿ ಜಿಲ್ಲೆಯ ಸಗರವು ಆಗ ದಿಲ್ಲಿಯ ಸುಲ್ತಾನರ ಒಂದು ಠಾಣ್ಯವಾಗಿದ್ದಿತು. ಅಲ್ಲಿ ಅಧಿಕಾರಿಯಾಗಿದ್ದ ಬಹಾಉದ್ದೀನ್ ಗರ್ಷಾಸ್ಪನು ಮಹಮ್ಮದ ತುಘಲಕನ ಸೋದರತ್ತೆಯ ಮಗ. ಇವನು 1326ರ ಸುಮಾರಿಗೆ ಸುಲ್ತಾನನ ಮೇಲೆ ತಿರುಗಿಬಿದ್ದು, ಸೋತು, ಕೃಷ್ಣೆಯನ್ನು ದಾಟಿ ಕಂಪಿಲರಾಯನ ಮರೆಹೊಕ್ಕನು. ಕಂಪಿಲನ ನಾಡು ತುಂಗಭದ್ರೆಯ ಎರಡು ದಡಗಳಲ್ಲಿಯೂ ಹಬ್ಬಿತ್ತು. ದಕ್ಷಿಣದ ದಡದಲ್ಲಿ ಕಂಪಿಲಿ; ಉತ್ತರದಲ್ಲಿ ಆನೆಗೊಂದಿ; ಗಂಗಾವತಿಯ ಸೀಮೆಯ ಜಬ್ಬಲಗುಡ್ಡದ ಬಳಿ ಕಲ್ಲುಗುಡ್ಡಗಳ ನಡುವೆ ಕುಮ್ಮಟದುರ್ಗ. ಶರಣು ಬಂದವನನ್ನು ಒಪ್ಪಿಸಲು ಕಂಪಿಲನು ಸಮ್ಮತಿಸಲಿಲ್ಲ. ದಂಡಿನ ಮೇಲೆ ದಂಡು ಬಂದಿತು. 1327ರಲ್ಲಿ ರಾಜ್ಯವು ಅಳಿಯಿತು. ಇಂದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಸೀಮೆಯು ಆ ಮೇಲೆಯೂ ಅನೇಕ ದಂಡುಗಳ ಕಾಲ್ತುಳಿತಕ್ಕೆ ಸಿಕ್ಕಿದೆ. ಆದರೆ ಈ ಒಂದು ನಾಶದಷ್ಟು ದೀರ್ಘವಾಗಿ ಜನರ ಬಾಯಲ್ಲಿ ನಿಂತದ್ದು ಇನ್ನೊಂದಿಲ್ಲ.

ಈ ನಾಶಕ್ಕೆ ಅತ್ಯಂತ ಹತ್ತಿರದ ಸಾಕ್ಷಿಯೆಂದರೆ ಮೊರಾಕ್ಕೊ ದೇಶದ ಯಾತ್ರಿಕನಾದ ಇಬ್ನ್ ಬತೂತನು. ಅವನು ಕುಮ್ಮಟವನ್ನು ಕಂಡವನಲ್ಲ. ದುರ್ಗವು ಬಿದ್ದು ಏಳು ವರ್ಷಗಳಾದ ಮೇಲೆ, 1334ರಲ್ಲಿ, ದಿಲ್ಲಿಗೆ ಬಂದು ಸುಮಾರು ಎಂಟು ವರ್ಷ ಸುಲ್ತಾನನ ಆಶ್ರಯದಲ್ಲಿದ್ದನು. ತನ್ನ ಪ್ರವಾಸಕಥನದಲ್ಲಿ ಅವನು ಗರ್ಷಾಸ್ಪನ ದಂಗೆಯನ್ನು ಹೇಳುತ್ತ ಕಂಪಿಲರಾಯನ ಕೊನೆಯ ದಿನವನ್ನು ವರ್ಣಿಸುತ್ತಾನೆ. ದವಸವು ತೀರಿಬಂದು ಹಿಡಿಸಿಕೊಳ್ಳುವ ಭಯವು ಹತ್ತಿರವಾದಾಗ ರಾಯನು ಅತಿಥಿಯನ್ನು ಕರೆದು, ತಾನೂ ತನ್ನ ಪರಿವಾರವೂ ಸಾಯಲು ನಿಶ್ಚಯಿಸಿರುವುದಾಗಿಯೂ, ಅತಿಥಿಯು ಮಾತ್ರ ಬೇರೊಬ್ಬ ಅರಸನಲ್ಲಿಗೆ ಹೋಗಿ ಜೀವವುಳಿಸಿಕೊಳ್ಳಬೇಕೆಂದೂ ಹೇಳಿ, ಬೆಂಗಾವಲು ಕೊಟ್ಟು ಕಳುಹಿಸುತ್ತಾನೆ. ಅನಂತರ ದೊಡ್ಡ ಬೆಂಕಿಯನ್ನು ಹೊತ್ತಿಸಿ, ಇದ್ದ ಸೊತ್ತನ್ನೆಲ್ಲ ಅದರಲ್ಲಿ ಸುಡಿಸುತ್ತಾನೆ. ರಾಣಿವಾಸದವರು ಒಬ್ಬೊಬ್ಬರಾಗಿ ಸ್ನಾನಮಾಡಿ, ಗಂಧವನ್ನು ಲೇಪಿಸಿಕೊಂಡು, ರಾಯನೆದುರು ನೆಲಕ್ಕೆ ಮುತ್ತಿಟ್ಟು ಅಗ್ನಿಪ್ರವೇಶಮಾಡುತ್ತಾರೆ. ಮಂತ್ರಿಗಳ ಮತ್ತು ಪ್ರಮುಖರ ಹೆಂಡಿರೂ ಹಾಗೆಯೇ ಮಾಡುತ್ತಾರೆ. ಆ ಮೇಲೆ ರಾಯನೂ ಅವನ ಕಡೆಯವರೂ ಮಿಂದು ಗಂಧ ಪೂಸಿ, ಆಯುಧಗಳನ್ನು ಹಿಡಿದು, ಕವಚವನ್ನು ಮಾತ್ರ ತೊಡದೆ, ಹೊರಬಿದ್ದು ಹೋರಾಡಿ ಮಡಿಯುತ್ತಾರೆ.

ಇಷ್ಟರವರೆಗೆ ಇದು ಕನ್ನಡ ಕಾವ್ಯದ ಭಾವಕ್ಕೆ ವಿರೋಧವಾದುದೇನೂ ಅಲ್ಲ. ಮುಂದಿನ ಮಾತೇ ಬೇರೆ. ಪಟ್ಟಣವು ವಶವಾಗಿ ಜನರು ಸೆರೆಯಾದರು. ರಾಯನ ಹನ್ನೊಂದು ಮಂದಿ ಮಕ್ಕಳನ್ನು ಹಿಡಿದು ಸುಲ್ತಾನನ ಬಳಿಗೊಯ್ದರು. ಅವರೆಲ್ಲರೂ ಇಸ್ಲಾಂ ಮತವನ್ನು ಕೈಕೊಂಡರು. ಅವರ ಕುಲವನ್ನೂ ತಂದೆಯ ನಡತೆಯನ್ನೂ ಮೆಚ್ಚಿ ಸುಲ್ತಾನನು ಅವರಿಗೆ ಅಮೀರರ ಪದವಿಯನ್ನು ಕೊಟ್ಟನು. ಇವರಲ್ಲಿ ಮೂವರನ್ನು ಇಬ್ನ್ ಬತೂತನು ತಾನೇ ಕಂಡಿದ್ದನು: ನಸ್ರ್, ಬಖ್ತಿಯಾರ್, ಮತ್ತು ಸುಲ್ತಾನನು ಕುಡಿಯುವ ನೀರಿನ ಮೇಲೆ ಮುದ್ರೆಯೊತ್ತುವ ಉಂಗುರವನ್ನು ಇಟ್ಟುಕೊಂಡಿದ್ದ ಮುದ್ರಾಧಿಕಾರಿ. ಈ ಮೂರನೆಯವನ ಹೆಸರು ಅಬೂ ಮುಸ್ಲಿಂ. ಯಾತ್ರಿಕನಿಗೂ ಅವನಿಗೂ ಗೆಳೆತನವಿದ್ದಿತು.

ಈ ಗೆಳೆತನದ ಉಲ್ಲೇಖವು ಕಥೆಯ ಅಲಂಕಾರವಲ್ಲ, ಅದರ ಆಧಾರ. ಗಂಧದ ಲೇಪ, ನೆಲಕ್ಕೆ ಮುತ್ತಿಡುವಿಕೆ, ಕವಚವಿಲ್ಲದ ಮೈ, ಇವು ದಂಡಿನ ಸರದಾರನ ಬಿನ್ನವತ್ತಳೆಯಲ್ಲಿ ಬರತಕ್ಕ ವಿವರಗಳಲ್ಲ. ಮುತ್ತಿಗೆಹಾಕಿದವನು ಗೋಡೆಯ ಹೊರಗಿರುತ್ತಾನೆ; ರಾಣಿವಾಸದ ಅಂಗಳವು ಅವನಿಗೆ ಕಾಣುವುದಿಲ್ಲ. ಒಳಗಿದ್ದು ನೋಡಿದ ಒಬ್ಬನ ಬಾಯಿಂದಲೇ ಇದು ಹೊರಟಿರಬೇಕೆಂದು ಊಹಿಸುವುದು ಯುಕ್ತವಾಗಿದೆ. ಆ ಒಬ್ಬನು ಅಬೂ ಮುಸ್ಲಿಮನಾಗಿರಲು ಎಲ್ಲ ಸಂಭವವೂ ಉಂಟು. ಇಬ್ನ್ ಬತೂತನು ತನ್ನ ಕಥನವನ್ನು ಬರೆಯಿಸಿದುದು 1355ರಲ್ಲಿ, ಬಹುದೂರದ ಫೆಜ್ ನಗರದಲ್ಲಿ, ನೆನಪಿನಿಂದ. ಅವನಿಂದ ಅದನ್ನು ಬರೆದುಕೊಂಡ ಇಬ್ನ್ ಜುಜೈಯು ಭಾಷೆಯನ್ನು ತಿದ್ದುವುದರಲ್ಲಿ ಆಸಕ್ತನು. ಆದುದರಿಂದ ಹನ್ನೊಂದು ಎಂಬ ಸಂಖ್ಯೆಗೆ ಹೆಚ್ಚು ಭಾರವನ್ನು ಹೊರಿಸಲಾಗದು. ಆದರೆ ಗಂಧದ ವಾಸನೆಯು ಮರೆಯುವಂಥದಲ್ಲ.

ಬದುಕಿ ಉಳಿದವನೊಬ್ಬನ ಮಾತು ಇದೆಂದು ಒಪ್ಪಿದರೆ, ಅವನು ಏನನ್ನು ಹೇಳಿದ, ಏನನ್ನು ಬಿಟ್ಟ ಎಂಬುದೂ ಗಮನಾರ್ಹ. ತಂದೆಯ ಸಾವನ್ನು ಅವನು ಒಂದು ವಿಧಿಯಂತೆ, ಕ್ರಮತಪ್ಪದೆ, ತಾಯಂದಿರ ಸ್ನಾನದಿಂದ ಮೊದಲುಮಾಡಿ ಹೇಳಿದನು. ತನ್ನ ಸೆರೆಯನ್ನು, ದಿಲ್ಲಿಯ ದಾರಿಯನ್ನು, ಹೆಸರು ಬದಲಾದ ದಿನವನ್ನು ಹೇಳಿದಂತೆ ತೋರುವುದಿಲ್ಲ. ಹೇಳಿದ್ದರೂ ಕೇಳಿದವನು ಬರೆಯಿಸಲಿಲ್ಲ. ಹೊಸ ಹೆಸರೊಂದೇ ನಿಂತಿದೆ. ಹಳೆಯ ಹೆಸರು ಲುಪ್ತವಾಗಿದೆ. ತನ್ನ ಮನೆಯನ್ನು ಸುಟ್ಟ ಒಡೆಯನ ನೀರಿಗೆ ವಿಷ ಬೀಳದಂತೆ ಕಾಯುವ ಕೆಲಸವು ಅವನ ಪಾಲಿಗೆ ಬಂದಿತು. ಇಂಥ ಪದವಿಯು ನಂಬಿಕೆಯ ಗುರುತೋ, ಪ್ರತಿದಿನವೂ ನಡೆಯತಕ್ಕ ಪರೀಕ್ಷೆಯೋ ಎಂಬುದನ್ನು ಮಹಮ್ಮದ ತುಘಲಕನ ಸ್ವಭಾವವನ್ನು ಬಲ್ಲವರು ಸುಲಭವಾಗಿ ನಿಶ್ಚಯಿಸಲಾರರು. ಇದೇ ಸುಲ್ತಾನನು ದೋರಸಮುದ್ರದ ಅರಸನಿಂದ ಗರ್ಷಾಸ್ಪನನ್ನು ಒಪ್ಪಿಸಿಕೊಂಡು, ಸೋದರತ್ತೆಯ ಮಗನೆಂಬುದನ್ನೂ ಎಣಿಸದೆ, ಚರ್ಮವನ್ನು ಸುಲಿಯಿಸಿದನು. ಹಾಗಿರುವಲ್ಲಿ ಶತ್ರುವಿನ ಮಕ್ಕಳು ಉಳಿದುದೇ ಸೋಜಿಗ. ಅವರನ್ನು ಉಳಿಸಿದುದರಲ್ಲಿ ಅವರ ಮತಾಂತರದೊಡನೆ ಅವರ ತಂದೆ ಸತ್ತ ರೀತಿಯೂ ಸೇರಿತ್ತೆಂದು ಯಾತ್ರಿಕನೇ ಹೇಳುತ್ತಾನೆ. ಮಡಿದವನ ಕೀರ್ತಿಯು ಬದುಕಿದವರಿಗೆ ಬಂಡವಾಳವಾಯಿತು.

ಎರಡನೆಯ ಸಾಕ್ಷ್ಯವು ಎರಡು ಶತಮಾನಗಳಷ್ಟು ಈಚಿನದು. ಕುದುರೆಯ ವ್ಯಾಪಾರಕ್ಕಾಗಿ ವಿಜಯನಗರದಲ್ಲಿ ನೆಲಸಿದ್ದ ಪೋರ್ಚುಗೀಸನಾದ ನೂನಿಜನು 1535ರ ಸುಮಾರಿನಲ್ಲಿ ಬರೆದ ವೃತ್ತಾಂತದ ಆರಂಭದಲ್ಲಿ ಈ ಕಥೆಯಿದೆ. 1900ರಲ್ಲಿ ರಾಬರ್ಟ್ ಸೂಯಲ್ ಇದನ್ನು ಇಂಗ್ಲಿಷಿಗೆ ತಂದಮೇಲೆ ಇದು ನಮ್ಮ ದೇಶದವರಿಗೆ ಪರಿಚಿತವಾಯಿತು. ನೂನಿಜನ ಕಾಲಗಣನೆಯು ಶುದ್ಧ ತಪ್ಪು. ಸುಮಾರು ನೂರು ವರ್ಷದಷ್ಟು ಹಿಂದಕ್ಕೆ ಅವನು ಈ ಘಟನೆಯನ್ನು ತಳ್ಳಿದ್ದಾನೆ. ಆದರೂ ಆನೆಗೊಂದಿಯನ್ನೂ, ವಿಕೃತವಾದ ರೂಪದಲ್ಲಿ ಕುಮ್ಮಟವನ್ನೂ ಅವನು ಹೆಸರಿಸುತ್ತಾನೆ. ಅವನ ಪ್ರಕಾರ ದುರ್ಗದಲ್ಲಿ ಅನ್ನವು ತೀರಿದಾಗ ಅರಸನೂ ಪರಿವಾರದವರೂ ತಮ್ಮ ಹೆಂಡಿರು ಮಕ್ಕಳನ್ನು ತಾವೇ ಕೊಂದು, ಹೊರಬಿದ್ದು ಸತ್ತರು. ಉಳಿದವರು ಆರು ಮಂದಿ ಮುದುಕರು. ಸುಲ್ತಾನನು ಇವರನ್ನು ಕರೆಯಿಸಿ ವಿಚಾರಿಸಲು ಒಬ್ಬನು ರಾಜ್ಯದ ಮಂತ್ರಿಯೆಂದೂ, ಇನ್ನೊಬ್ಬನು ಭಂಡಾರದ ಅಧಿಕಾರಿಯೆಂದೂ, ಮಿಕ್ಕವರು ಬೇರೆ ಬೇರೆ ಪದವಿಯವರೆಂದೂ ತಿಳಿಯಿತು. ನೆಲಮಾಳಿಗೆಯಲ್ಲಿ ಹೂಳಿದ್ದ ದ್ರವ್ಯದ ವಿಚಾರವನ್ನೂ ನಾಡಿನ ಸ್ಥಿತಿಯನ್ನೂ ಬಲ್ಲವರು ಅವರೇ. ಕೆಲವು ಕಾಲದ ಮೇಲೆ, ಆ ನಾಡಿನಲ್ಲಿ ನಿಲ್ಲಿಸಿದ್ದ ಸುಲ್ತಾನನ ಅಧಿಕಾರಿಗೆ ಜನರು ಅಧೀನರಾಗದೆ ಹೋಗಲು, ಸೆರೆಯಲ್ಲಿದ್ದ ಆ ಮುದುಕರನ್ನೇ ಬಿಡಿಸಿ, ಮಂತ್ರಿಯನ್ನು ಅರಸನನ್ನಾಗಿಯೂ ಭಂಡಾರದವನನ್ನು ಅವನ ಮಂತ್ರಿಯನ್ನಾಗಿಯೂ ಮಾಡಿ ಕಳುಹಿಸಿದರಂತೆ.

ಇದು ವಿಜಯನಗರದ ಬೀದಿಗಳಲ್ಲಿ ಹರಿದಾಡುತ್ತಿದ್ದ ಕಥೆಯಾಗಿರಬೇಕು. ರಾಜಧಾನಿಯವರು ತಮ್ಮ ಮೂಲವನ್ನು ಹೊರಗಿನವನೊಬ್ಬನಿಗೆ ಹೇಳಿದ ರೀತಿ ಇದು. ಇದರ ಸತ್ಯಾಸತ್ಯಗಳ ವಿಚಾರವು ಹಾಗಿರಲಿ. ಒಂದು ಮಹಾರಾಜ್ಯವು ತನ್ನ ಉತ್ಪತ್ತಿಯನ್ನು ವೀರನೊಬ್ಬನಿಗೆ ಜೋಡಿಸದೆ ಲೆಕ್ಕಪತ್ರ ಬಲ್ಲ ಮುದುಕರಿಗೆ ಜೋಡಿಸಿದುದು ಸ್ವಾರಸ್ಯವಲ್ಲವೆ? ಕತ್ತಿ ಹಿಡಿಯಬಲ್ಲವರು ಒಂದೇ ದಿನದಲ್ಲಿ ತೀರಿಹೋದರು. ಯಾವ ಹಳ್ಳಿಯ ಕಂದಾಯವೆಷ್ಟು, ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಯಾವ ನಾಯಕನು ಯಾರ ಮಾತನ್ನು ಕೇಳುವನು ಎಂಬುದನ್ನು ಬಲ್ಲವರಿಲ್ಲದೆ ಗೆದ್ದವನಿಗೂ ನಾಡು ದಕ್ಕುವುದಿಲ್ಲ. ಮುದುಕರು ಉಳಿದುದು ಬಲದಿಂದಲ್ಲ, ಅನಿವಾರ್ಯತೆಯಿಂದ.

ನೂನಿಜನ ಈ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಬಿಡುವವರು ಬರನಿಯ ಒಂದು ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸುಲ್ತಾನನ ಸಮಕಾಲೀನನೂ ಆಸ್ಥಾನಿಕನೂ ಆದ ಬರನಿಯು 1357ರ ಸುಮಾರಿಗೆ ಮುಗಿಸಿದ ಚರಿತ್ರೆಯಲ್ಲಿ, ಸುಲ್ತಾನನು ಕಂಪಿಲಿಗೆ ಕಳುಹಿಸಿದ್ದ ಒಬ್ಬನು ಇಸ್ಲಾಂ ಮತವನ್ನು ತ್ಯಜಿಸಿ ದಂಗೆಯೆದ್ದನೆಂದೂ, ಆ ನಾಡು ಕೈಬಿಟ್ಟುಹೋಯಿತೆಂದೂ ಹೇಳಿದೆ. ಆ ಒಬ್ಬನನ್ನು ಹರಿಹರನೆಂದು ಗುರುತಿಸುವವರುಂಟು, ಒಪ್ಪದವರುಂಟು. ಅವನು ಯಾರೇ ಆಗಲಿ, ಸೋತವರ ಕಡೆಯಿಂದಲೇ ಒಬ್ಬನನ್ನು ಆರಿಸಿ ನಾಡಿಗೆ ಹಿಂದಿರುಗಿಸಿದರೆಂಬಷ್ಟು ಭಾಗದಲ್ಲಿ ದಿಲ್ಲಿಯ ಚರಿತ್ರಕಾರನೂ ವಿಜಯನಗರದ ಬೀದಿಯ ಮಾತೂ ಒಂದಾಗುತ್ತವೆ. ಬರನಿಗೆ ಇದು ದ್ರೋಹ. ವಿಜಯನಗರದವರಿಗೆ ಇದು ರಾಜ್ಯಸ್ಥಾಪನೆ.

ಪಾರಸೀ ಚರಿತ್ರಕಾರರ ಪೈಕಿ ಇಸಾಮಿಯ ವಿಷಯದಲ್ಲಿ ಒಂದು ಮಾತು ಅಪ್ರಸಕ್ತವಾಗಲಾರದು. ಕುಮ್ಮಟದ ಮುತ್ತಿಗೆಯನ್ನು ಪದ್ಯರೂಪವಾಗಿ ವರ್ಣಿಸಿದ ಇವನು ಬಹಮನಿಯ ಮೊದಲನೆಯ ಸುಲ್ತಾನನ ಆಶ್ರಯದಲ್ಲಿ 1350ರಲ್ಲಿ ತನ್ನ ಗ್ರಂಥವನ್ನು ಮುಗಿಸಿದನು. ಕುಮ್ಮಟವು ಬಿದ್ದ ಕಾಲದಲ್ಲಿಯೇ ಮಹಮ್ಮದ ತುಘಲಕನು ದಿಲ್ಲಿಯ ಜನರನ್ನು ದೌಲತಾಬಾದಿಗೆ ಒಕ್ಕಲೆಬ್ಬಿಸಿದಷ್ಟೆ. ಆಗ ಹದಿನಾರು ವರ್ಷದ ಬಾಲಕನಾಗಿದ್ದ ಇಸಾಮಿಯು ತೊಂಬತ್ತು ವರ್ಷದ ಅಜ್ಜನೊಡನೆ ಹೊರಟನು. ಅಜ್ಜನು ಮೊದಲನೆಯ ಮಜಲಿನಲ್ಲಿಯೇ ತೀರಿಕೊಂಡನು. ಗೆದ್ದ ಪಕ್ಷದ ಕವಿಯೂ ಅದೇ ಸುಲ್ತಾನನ ಕೈಯಿಂದ ಮನೆ ಕಳೆದುಕೊಂಡವನು. ಅವನ ಕಾವ್ಯದಲ್ಲಿ ಮಹಮ್ಮದ ತುಘಲಕನ ಮೇಲೆ ಇರುವ ಕಹಿಯು ಕಂಪಿಲನ ಸಾಹಸವನ್ನು ಹೇಳುವಾಗ ಕಾಣದಿರುವುದಕ್ಕೆ ಇದೂ ಒಂದು ಕಾರಣವಾಗಿದ್ದೀತು.

ಇನ್ನು ಕನ್ನಡ ಕಾವ್ಯಕ್ಕೆ ಬರಬಹುದು. ನಂಜುಂಡನ ಕಾಲವು ಸುಮಾರು 1525; ಎಂದರೆ ನೂನಿಜನಿಗೂ ಅವನಿಗೂ ಹತ್ತು ವರ್ಷಗಳ ಅಂತರ. ಒಂದೇ ಕಾಲದಲ್ಲಿ ಒಂದೇ ನಾಶವನ್ನು ಕುರಿತು ಎರಡು ಬಗೆಯ ಕಥೆಗಳು ನಡೆಯುತ್ತಿದ್ದುವು. ನಂಜುಂಡನ ಕಾವ್ಯದಲ್ಲಿ ಕಂಪಿಲನ ಮಕ್ಕಳಲ್ಲಿ ರಾಮನೊಬ್ಬನೇ ಬೆಳಗುತ್ತಾನೆ. ಚೆಂಡಾಟದಲ್ಲಿ ಚೆಂಡು ಮಲತಾಯಿಯಾದ ರತ್ನಾಜಿಯ ಅರಮನೆಯೊಳಕ್ಕೆ ಬೀಳುವುದು, ಅದನ್ನು ತರಲು ಹೋದ ರಾಮನಲ್ಲಿ ಅವಳು ಮೋಹಗೊಳ್ಳುವುದು, ಅವನು ನಿರಾಕರಿಸುವುದು, ಅವಳ ಸುಳ್ಳು ದೂರನ್ನು ನಂಬಿ ಕಂಪಿಲನು ಮಗನ ತಲೆಯನ್ನು ಕಡಿಸಲು ಆಜ್ಞಾಪಿಸುವುದು, ಇವು ಕನ್ನಡಿಗರಿಗೆಲ್ಲ ತಿಳಿದ ಕಥೆ. ರಾಮನಿಗೆ ಪರದಾರಸೋದರನೆಂಬ ಬಿರುದು ಇದರಿಂದ ಬಂದಿತು. ಕೊನೆಗೆ ದಿಲ್ಲಿಯ ದಂಡಿನೊಡನೆ ಬಂದ ಮಾತಂಗಿಯೆಂಬ ಹೆಂಗಸಿನಿಂದ ಅವನಿಗೆ ಸಾವು. ಅವನ ತಲೆಯು ದಿಲ್ಲಿಗೆ ಹೋಗುತ್ತದೆ.

ಕಾವ್ಯದ ದೋಷಗಳನ್ನು ಮುಚ್ಚಬೇಕಾದುದಿಲ್ಲ. ಯುದ್ಧಕ್ಕೆ ಕಾರಣವಾಗಿ ಸುಲ್ತಾನನ ಮಗಳು ರಾಮನನ್ನು ಮೋಹಿಸಿದಳೆಂಬ ಸಂವಿಧಾನವು ಬಡಕಲು ಕಲ್ಪನೆ. ಬಹಾದ್ದೂರನೆಂಬ ಶರಣಾಗತನನ್ನು ಕವಿಯು ಮರೆತಿಲ್ಲ. ಅವನಲ್ಲಿ ಗರ್ಷಾಸ್ಪನ ನೆನಪು ಉಳಿದಿದೆಯೆಂದು ಸಂಶೋಧಕರು ಗುರುತಿಸಿರುವುದು ಸರಿ. ಅಷ್ಟು ನಿಜವಾದ ಕಾರಣವು ಕೈಯಲ್ಲಿರುವಾಗ ಕವಿಯು ಹಳೆಯ ಮೋಹದ ಕಥೆಯನ್ನು ಹೆಣೆಯಬೇಕಾಗಿರಲಿಲ್ಲ. ಯುದ್ಧವರ್ಣನೆಗಳು ಒಂದರಂತೆ ಇನ್ನೊಂದಿದ್ದು ಓದುವವನಿಗೆ ಆಯಾಸವಾಗುತ್ತದೆ.

ಆದರೆ ಕಾವ್ಯದ ನಡುಭಾಗದಲ್ಲಿ ಒಂದು ಸನ್ನಿವೇಶವಿದೆ. ಮಗನನ್ನು ಕೊಲ್ಲೆಂಬ ಆಜ್ಞೆಯನ್ನು ಪಡೆದ ಮಂತ್ರಿ ಬೈಚಪ್ಪನು ಅದನ್ನು ನೆರವೇರಿಸುವುದಿಲ್ಲ. ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ಅರಸನಿಗೆ ತೋರಿಸುತ್ತಾನೆ. ಊರೆಲ್ಲ ಅಳುತ್ತದೆ, ತಾಯಿಯೂ ಅಳುತ್ತಾಳೆ, ಬೈಚಪ್ಪನು ಬಾಯಿ ಬಿಡುವುದಿಲ್ಲ. ರಾಮನು ಸತ್ತನೆಂಬ ಸುದ್ದಿಯನ್ನು ಕೇಳಿ ಶತ್ರುಗಳು ಮತ್ತೆ ಬಂದು, ಕಂಪಿಲನು ಪಶ್ಚಾತ್ತಾಪದಲ್ಲಿ ಬೇಯುತ್ತಿರುವಾಗ, ಮಂತ್ರಿಯು ನೆಲದೊಳಗಿಂದ ರಾಜಪುತ್ರನನ್ನು ಹೊರಕ್ಕೆ ತರುತ್ತಾನೆ. ಇಡೀ ಕಾವ್ಯದಲ್ಲಿ ಕವಿಯ ಕೈ ನಡುಗದೆ ನಡೆದಿರುವುದು ಇಲ್ಲಿಯೇ. ರಾಮನ ಶೌರ್ಯವು ಹೇಳಿಕೆಯ ವಿಷಯ. ಬೈಚಪ್ಪನ ಮೌನವು ಅನುಭವದ ವಿಷಯ.

ಈ ಸನ್ನಿವೇಶಕ್ಕೆ ಬೇರೆ ಕಥೆಗಳಲ್ಲಿ ಸಾದೃಶ್ಯವಿದೆಯೆಂದು ಹೇಳಿ ಇದನ್ನು ಬರಿಯ ಕಥಾರೂಢಿಯೆಂದು ಕಳೆದುಬಿಡಬಹುದು. ಹಾಗೆ ಕಳೆದರೆ ಒಂದು ಸಂಗತಿಗೆ ಸಮಾಧಾನವಿಲ್ಲ. ನೂನಿಜನ ಕಥೆಯಲ್ಲಿಯೂ ಮಂತ್ರಿಯುಂಟು, ನೆಲಮಾಳಿಗೆಯುಂಟು. ಅಲ್ಲಿ ನೆಲದೊಳಗಿರುವುದು ದ್ರವ್ಯ, ಇಲ್ಲಿ ರಾಜಪುತ್ರ. ಎರಡರ ಗುಟ್ಟನ್ನು ಬಲ್ಲವನೂ ವಯಸ್ಸಾದ ಅಧಿಕಾರಿಯೇ. ಎರಡು ಕಥೆಗಳಿಗೂ ತಳದಲ್ಲಿ ಒಂದೇ ನೆನಪಿರುವಂತೆ ತೋರುತ್ತದೆ: ಕುಮ್ಮಟದಲ್ಲಿ ಏನಾದರೂ ಉಳಿಯಿತಾದರೆ ಅದನ್ನು ಅಡಗಿಸಿಟ್ಟವರಿಂದ ಉಳಿಯಿತು. ಅಡಗಿಸಿಟ್ಟವನು ಸುಳ್ಳು ಹೇಳಬೇಕಾಯಿತು. ಒಡೆಯನ ಆಜ್ಞೆಯನ್ನು ಮೀರಬೇಕಾಯಿತು. ಬೇರೊಬ್ಬನ ತಲೆಯನ್ನು ತೆಗೆಯಿಸಬೇಕಾಯಿತು. ಆ ತಲೆಯು ಯಾರದೆಂದು ಕಾವ್ಯವು ಚಿಂತಿಸುವುದಿಲ್ಲ. ಉಳಿದವರ ಲೆಕ್ಕದಲ್ಲಿ ಇಂಥ ಹೆಸರಿಲ್ಲದ ತಲೆಗಳು ಇದ್ದೇ ಇರುತ್ತವೆ. ಅವುಗಳ ಮಾತನ್ನು ಎತ್ತದಿರುವುದೂ ಉಳಿದವರ ರೂಢಿಯೇ.

ಇಷ್ಟು ದೂರ ಬಂದ ಕವಿಯು ಕೊನೆಯಲ್ಲಿ ಬಾಗಿಲುಗಳನ್ನೆಲ್ಲ ಮುಚ್ಚಿಬಿಡುತ್ತಾನೆ. ದಿಲ್ಲಿಗೆ ಹೋದ ರಾಜಪುತ್ರರ ಸುಳಿವು ಅಲ್ಲಿಲ್ಲ. ನಂಜುಂಡನಿಗೆ ಅದು ತಿಳಿದಿರಲಿಲ್ಲವೆಂದು ಹೇಳಬಹುದು. ಆದರೆ ಗರ್ಷಾಸ್ಪನ ನೆನಪನ್ನು ಬಹಾದ್ದೂರನೆಂಬ ಹೆಸರಿನಲ್ಲಿ ಇನ್ನೂರು ವರ್ಷ ಕಾದಿಟ್ಟ ಜನರು ತಮ್ಮ ಅರಸನ ಮಕ್ಕಳ ಗತಿಯನ್ನು ಸುಮ್ಮನೆ ಮರೆತರೆಂದು ನಂಬುವುದು ಕಷ್ಟ. ಮತ ಬದಲಿಸಿ ಬದುಕಿದ ಸೋದರರನ್ನು ಕಥೆಯಿಂದ ತೆಗೆದು, ಸತ್ತವನೊಬ್ಬನಲ್ಲಿಯೇ ಎಲ್ಲ ತೇಜಸ್ಸನ್ನೂ ತುಂಬಿದುದು ಬುದ್ಧಿಪೂರ್ವಕವಾದ ಆಯ್ಕೆಯೆಂದೇ ಎಣಿಸಬೇಕಾಗುತ್ತದೆ. ಇದನ್ನು ಕವಿಯ ದೋಷವೆನ್ನಲಾಗದು. ನಾಶವನ್ನು ದಾಟಿ ಬಂದ ಜನರಿಗೆ ಮೊದಲು ಬೇಕಾದುದು ತಲೆಯೆತ್ತಿ ಹೇಳಬಹುದಾದ ಒಂದು ಕಥೆ. ಹೇಗೆ ಉಳಿದೆವೆಂಬುದರ ಲೆಕ್ಕವನ್ನು ಅವರು ಮನೆಯೊಳಗಿಟ್ಟುಕೊಳ್ಳುತ್ತಾರೆ. ಆದರೆ ವಿಮರ್ಶಕನಿಗೆ ಈ ಸಂಕೋಚವಿರಬೇಕಾಗಿಲ್ಲ. ಕುಮಾರರಾಮನ ಕಾವ್ಯಗಳನ್ನು ವೀರಗಾಥೆಗಳೆಂದಷ್ಟೇ ಓದಿ, ಉಳಿದವರನ್ನು ಹೇಡಿಗಳ ಸಾಲಿಗೆ ಸೇರಿಸುವ ಒಂದು ಬಗೆಯ ಉತ್ಸಾಹವು ಈ ವಿಷಯದ ಬರವಣಿಗೆಗಳಲ್ಲಿ ಆಗಾಗ್ಗೆ ತಲೆಹಾಕುತ್ತದೆ. ಅಂಥವರು ಒಂದನ್ನು ಮರೆಯುತ್ತಾರೆ: ಗಂಧದ ಲೇಪವನ್ನು ಕಂಡು ಹೇಳಿದವನು ಸತ್ತವನಲ್ಲ. ಕಂಪಿಲನ ಮರಣಕ್ಕೆ ಇರುವ ಅತ್ಯಂತ ಹಳೆಯ, ಅತ್ಯಂತ ಗೌರವಪೂರ್ಣವಾದ ಸ್ತುತಿಯು ನಮಗೆ ದೊರೆತಿರುವುದು, ಹೆಸರನ್ನೂ ಮತವನ್ನೂ ಬಿಟ್ಟು ಶತ್ರುವಿನ ನೀರಿನ ಕೊಡಕ್ಕೆ ಮುದ್ರೆಯೊತ್ತುತ್ತಿದ್ದ ಮಗನ ನಾಲಗೆಯಿಂದ.

ಕಾವ್ಯದಿಂದ ಹೊರಗೆ, ಜನರ ಆಚರಣೆಯಲ್ಲಿ, ಈ ಎರಡು ಎಳೆಗಳೂ ಒಂದು ಬಗೆಯಲ್ಲಿ ಕೂಡಿಕೊಂಡಿವೆ. ಕುಮ್ಮಟದಲ್ಲಿಯೂ, ಅಲ್ಲಿಂದ ಬಹುದೂರದ ಮಲೆನಾಡಿನ ಸೊರಬ ಸಾಗರಗಳ ಕಡೆಯ ಹಳ್ಳಿಗಳಲ್ಲಿಯೂ ಕುಮಾರರಾಮನಿಗೂ ಅವನ ಸಂಗಡಿಗರಿಗೂ ಪೂಜೆ ನಡೆಯುತ್ತದೆ. ಪೂಜೆಗೊಳ್ಳುವುದು ಇಡಿಯ ವಿಗ್ರಹವಲ್ಲ, ತಲೆ ಮಾತ್ರ. ಮಲೆನಾಡಿನಲ್ಲಿ ಅದು ಮರದಲ್ಲಿ ಕಡೆದು ಬಣ್ಣ ಬಳಿದ ತಲೆ. ಗಂಗಾವತಿಯ ಬಂಡೆಗಳ ನಡುವಿನಿಂದ ಮಲೆನಾಡಿನ ಕಾಡಿನವರೆಗೆ ಆ ತಲೆಗಳನ್ನು ಹೊತ್ತುಕೊಂಡು ಹೋದವರು, ದುರ್ಗವು ಬಿದ್ದ ಮೇಲೆ ನಾಡನ್ನು ಬಿಟ್ಟು ನಡೆದವರ ಸಂತತಿಯಲ್ಲದೆ ಬೇರೆ ಯಾರಾಗಿದ್ದಾರು?